ಕೂಡಿಸಿ ಮರಳುವ ಲೋಹ: ರಿಚರ್ಡ್ ಹೆಕ್ ಅವರ ಸಂಶೋಧನೆಯ ದಾರಿ

ಕಳೆದ ವರ್ಷ ಅನುವಾದ ಪತ್ರಿಕೆಯ ಅಭ್ಯಾಸಕ್ಕೆಂದು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ರಸಾಯನ ವಿಜ್ಞಾನದ ಒಂದು ಪುಟವನ್ನು ಕೊಟ್ಟಿದ್ದೆ. ಅದರಲ್ಲಿ 'ಕ್ಯಾಟಲಿಸ್ಟ್' ಎಂಬ ಪದ ನಾಲ್ಕೈದು ಕಡೆ ಬಂದಿತ್ತು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಅದನ್ನು 'ವೇಗವರ್ಧಕ' ಎಂದು ಬರೆದರು. ಮರಾಠಿ ಮಾಧ್ಯಮದಿಂದ ಬಂದವರು 'ಉತ್ಪ್ರೇರಕ' ಎಂದು ಬರೆದರು. "ಯಾವುದು ಸರಿ, ಸರ್?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. "ಕನ್ನಡದಲ್ಲಿ ರೂಢಿಯಾದದ್ದು ವೇಗವರ್ಧಕ, ಅದನ್ನೇ ಬರೆಯಿರಿ" ಎಂದು ಹೇಳಿ ಮುಂದಿನ ವಾಕ್ಯಕ್ಕೆ ಹೋದೆ. ಗಂಟೆ ಹೊಡೆದ ಮೇಲೆ ಆ ಉತ್ತರ ನನಗೇ ಸಾಲದೆನಿಸಿತು. ರೂಢಿಯನ್ನು ಹೇಳಿದೆನೇ ಹೊರತು ಪದದ ಹಿಂದಿರುವ ವಸ್ತುವನ್ನು ಹೇಳಲಿಲ್ಲ. ಮತ್ತೊಂದು ತಪ್ಪನ್ನು ತಿದ್ದದೆಯೇ ಬಿಟ್ಟಿದ್ದೆ. ಹೆಚ್ಚಿನವರು ತಮ್ಮ ಅನುವಾದದ ಕೆಳಗೆ ಶಾಲೆಯಲ್ಲಿ ಕಲಿತ ಒಂದು ಟಿಪ್ಪಣಿಯನ್ನು ಸೇರಿಸಿದ್ದರು: 'ವೇಗವರ್ಧಕವು ಕ್ರಿಯೆಯಲ್ಲಿ ಭಾಗವಹಿಸುವುದಿಲ್ಲ.' ಈ ವಾಕ್ಯವನ್ನು ನಾನೂ ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದೆ. ಆದರೆ ಅದು ಸರಿಯಲ್ಲ.

ಅದು ಏಕೆ ಸರಿಯಲ್ಲ ಎಂಬುದನ್ನು ತಿಳಿಸಲು ಒಬ್ಬ ರಸಾಯನ ವಿಜ್ಞಾನಿಯ ಜೀವನವನ್ನೇ ಆಯ್ದುಕೊಂಡಿದ್ದೇನೆ. ಅವರು ಅಮೆರಿಕದ ರಿಚರ್ಡ್ ಹೆಕ್, 2010ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಮೂವರಲ್ಲಿ ಒಬ್ಬರು. ಲೋಹವೊಂದು ಎರಡು ಅಣುಗಳನ್ನು ಕೂಡಿಸುವಾಗ ಒಳಗೆ ನಡೆಯುವುದೇನು ಎಂಬ ಒಂದೇ ಪ್ರಶ್ನೆಯನ್ನು ಅವರು ಮೂರು ದಶಕಗಳ ಕಾಲ ಬಿಡದೆ ಹಿಡಿದಿದ್ದರು.

ಪರಿಭಾಷೆಯ ಒಂದು ಎಚ್ಚರಿಕೆ

ಮುಂದೆ ಹೋಗುವ ಮೊದಲು ನಮ್ಮಂಥ ಎರಡು ಭಾಷೆಗಳ ನಡುವಿನವರಿಗೆ ಒಂದು ಎಚ್ಚರಿಕೆ ಅಗತ್ಯ. ನಾನು ಪ್ರಾಥಮಿಕ ಶಿಕ್ಷಣವನ್ನು ಕನ್ನಡ ಶಾಲೆಯಲ್ಲಿಯೂ ಪ್ರೌಢ ಶಿಕ್ಷಣವನ್ನು ಮರಾಠಿ ಶಾಲೆಯಲ್ಲಿಯೂ ಪಡೆದವನು. ಎಂಟನೆಯ ಇಯತ್ತೆಯಲ್ಲಿ ವಿಜ್ಞಾನದ ಪುಸ್ತಕವನ್ನು ತೆರೆದಾಗ ನನ್ನನ್ನು ಮೊದಲು ಎಡವಿಸಿದ ಪದ 'ಅಣು'. ಮರಾಠಿಯಲ್ಲಿ ಧಾತುವಿನ ಅತ್ಯಂತ ಸಣ್ಣ ಕಣಕ್ಕೆ 'ಅಣು' ಎಂದೂ, ಅಂಥ ಕಣಗಳು ಕೂಡಿ ಆದುದಕ್ಕೆ 'ರೇಣು' ಎಂದೂ ಹೆಸರು. ಕನ್ನಡದಲ್ಲಿ ಮೊದಲನೆಯದು 'ಪರಮಾಣು', ಎರಡನೆಯದು 'ಅಣು'. ಹೀಗಾಗಿ ಮರಾಠಿಯ ಅಣು ಕನ್ನಡದ ಪರಮಾಣು. ಮರಾಠಿಯ ರೇಣು ಕನ್ನಡದ ಅಣು. ಎರಡೂ ಭಾಷೆಗಳಲ್ಲಿ ಒಂದೇ ಕಾಗುಣಿತ, ಅರ್ಥ ಮಾತ್ರ ಬೇರೆ. ಈ ಲೇಖನದಲ್ಲಿ ಈ ಪದಗಳನ್ನು ಕನ್ನಡದ ಅರ್ಥದಲ್ಲಿಯೇ ಬಳಸಿದ್ದೇನೆ. 'ಧಾತು' ಎಂಬ ಪದವೂ ಹೀಗೆಯೇ. ವ್ಯಾಕರಣದಲ್ಲಿ ಅದು ಕ್ರಿಯಾಪದದ ಮೂಲ. ರಸಾಯನ ವಿಜ್ಞಾನದಲ್ಲಿ ಇಂಗಾಲ, ಚಿನ್ನ, ಪಾದರಸ ಮೊದಲಾದ ಮೂಲವಸ್ತು.

ಇಂಗಾಲವನ್ನು ಇಂಗಾಲಕ್ಕೆ ಕೂಡಿಸುವ ಕಷ್ಟ

ಹತ್ತಿಯ ನೂಲು, ಸಕ್ಕರೆ, ಶೇಂಗಾ ಎಣ್ಣೆ, ಅರಿಸಿನದ ಬಣ್ಣ, ಔಷಧದ ಮಾತ್ರೆ ಇವೆಲ್ಲವುಗಳ ಅಣುಗಳಿಗೆ ಆಧಾರವಾಗಿರುವುದು ಇಂಗಾಲ. ಇಂಗಾಲದ ಪ್ರತಿ ಪರಮಾಣುವೂ ನಾಲ್ಕು ಬಂಧಗಳನ್ನು ಏರ್ಪಡಿಸಿಕೊಳ್ಳಬಲ್ಲದು. ತನ್ನಂಥ ಇನ್ನೊಂದು ಇಂಗಾಲದೊಂದಿಗೂ ಗಟ್ಟಿಯಾಗಿ ಸೇರಬಲ್ಲದು. ಹೀಗೆ ಸೇರುತ್ತ ಸರಪಳಿಗಳಾಗುತ್ತವೆ, ಕವಲುಗಳಾಗುತ್ತವೆ, ಉಂಗುರಗಳಾಗುತ್ತವೆ. ಇಂಥ ಸಂಯುಕ್ತಗಳ ಅಧ್ಯಯನವೇ ಸಾವಯವ ರಸಾಯನ ವಿಜ್ಞಾನ. ಮರಾಠಿಯ 'ಸೇಂದ್ರಿಯ' ಎಂಬುದೂ ಇದೇ.

ಹೊಸದೊಂದು ಔಷಧವನ್ನು ಕಟ್ಟಬೇಕಾದವನಿಗೆ ಇಂಗಾಲಗಳು ಎಲ್ಲಿಯಾದರೂ ಸೇರಿದರೆ ಸಾಲದು. ಈ ಅಣುವಿನ ಈ ಇಂಗಾಲಕ್ಕೆ ಆ ಅಣುವಿನ ಆ ಇಂಗಾಲವೇ ಸೇರಬೇಕು, ಉಳಿದ ಭಾಗಗಳಿಗೆ ಧಕ್ಕೆಯಾಗಬಾರದು. ಇದು ಎಷ್ಟು ಕಠಿಣವೆಂಬುದಕ್ಕೆ ನೊಬೆಲ್ ಪ್ರಶಸ್ತಿಯ ಚರಿತ್ರೆಯೇ ಸಾಕ್ಷಿ. ಇಂಗಾಲದ ಬಂಧಗಳನ್ನು ಕಟ್ಟುವ ವಿಧಾನಗಳಿಗಾಗಿ 1912ರಲ್ಲಿ ಗ್ರೀನ್ಯಾರ್, 1950ರಲ್ಲಿ ಡೀಲ್ಸ್ ಮತ್ತು ಆಲ್ಡರ್, 1979ರಲ್ಲಿ ವಿಟ್ಟಿಗ್, 2005ರಲ್ಲಿ ಶೋವಾಂ, ಗ್ರಬ್ಸ್ ಮತ್ತು ಶ್ರಾಕ್ ಈ ಪ್ರಶಸ್ತಿಯನ್ನು ಪಡೆದಿದ್ದಾರೆ.

ಇವುಗಳಲ್ಲಿ ಒಂದು ಜಿಗುಟಾದ ಸಂದರ್ಭವಿತ್ತು. ಆರು ಇಂಗಾಲಗಳು ಉಂಗುರವಾಗಿ ನಿಂತ ಬೆಂಜೀನ್ ಎಂಬ ಅಣುವಿದೆ. ಆ ಉಂಗುರದ ಒಂದು ಮೂಲೆಯಲ್ಲಿ ಬ್ರೋಮಿನ್ ಅಥವಾ ಅಯೋಡಿನ್ ಪರಮಾಣುವನ್ನು ಕೂರಿಸುವುದು ಸುಲಭ. ಹಾಗೆ ಕುಳಿತದ್ದನ್ನು ತೆಗೆದು ಅಲ್ಲಿ ಬೇರೊಂದು ಇಂಗಾಲವನ್ನು ತಂದು ನಿಲ್ಲಿಸುವುದು ಮಾತ್ರ ಸುಲಭವಲ್ಲ. ಉಂಗುರದ ಇಂಗಾಲವು ತನ್ನ ಜೊತೆಗಾರನನ್ನು ಬಿಟ್ಟುಕೊಡದು. ಇನ್ನೊಂದು ಕಡೆ, ಎರಡು ಇಂಗಾಲಗಳ ನಡುವೆ ದ್ವಿಬಂಧವಿರುವ ಸರಳ ಅಣುಗಳಿವೆ, ಅವುಗಳನ್ನು ಆಲ್ಕೀನ್‌ಗಳೆನ್ನುತ್ತಾರೆ. ಈ ಉಂಗುರವನ್ನೂ ಈ ಆಲ್ಕೀನನ್ನೂ ಒಂದೇ ಪಾತ್ರೆಯಲ್ಲಿ ಹಾಕಿ ಕಾಯಿಸಿದರೆ ಬಯಸಿದ ಕೂಡಿಕೆ ನಡೆಯದು. ಇವೆರಡರ ನಡುವೆ ನಿಂತು ಸಂಬಂಧ ಕುದುರಿಸುವ ಮೂರನೆಯದೊಂದು ಬೇಕಾಗಿತ್ತು.

ಹಿತ್ತಲಿನಿಂದ ಪ್ರಯೋಗಾಲಯಕ್ಕೆ

ರಿಚರ್ಡ್ ಫ್ರೆಡ್ ಹೆಕ್ ಹುಟ್ಟಿದ್ದು 1931ರ ಆಗಸ್ಟ್ 15ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಅವರ ಬಾಲ್ಯದಲ್ಲಿಯೇ ಕುಟುಂಬವು ದೇಶದ ಇನ್ನೊಂದು ತುದಿಯ ಲಾಸ್ ಏಂಜಲೀಸ್‌ಗೆ ಬಂದು ನೆಲೆಸಿತು. ಹೊಸ ಮನೆಯ ಸುತ್ತ ಗಿಡಗಳನ್ನು ಬೆಳೆಸುವ ಹವ್ಯಾಸವು ಹುಡುಗನನ್ನು ಗೊಬ್ಬರದತ್ತ, ಗಿಡಕ್ಕೆ ಬೇಕಾದ ಪೋಷಕಾಂಶಗಳತ್ತ, ಅಲ್ಲಿಂದ ರಸಾಯನ ವಿಜ್ಞಾನದತ್ತ ಎಳೆಯಿತು. ಹೂಗಿಡಗಳ ಮೇಲಿನ ಪ್ರೀತಿ ಅವರಲ್ಲಿ ಕೊನೆಯವರೆಗೂ ಉಳಿಯಿತು. ಆರ್ಕಿಡ್‌ಗಳನ್ನು ಬೆಳೆಸುವುದು ಅವರ ಇಷ್ಟದ ಕೆಲಸವಾಗಿತ್ತು.

ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1952ರಲ್ಲಿ ಪದವಿಯನ್ನೂ 1954ರಲ್ಲಿ ಡಾಕ್ಟರೇಟನ್ನೂ ಅವರು ಪಡೆದರು. ಮಾರ್ಗದರ್ಶಕರು ಸಾಲ್ ವಿನ್‌ಸ್ಟೀನ್. ಈ ಗುರುವಿನ ಆಸಕ್ತಿ ಹೊಸ ವಸ್ತುಗಳನ್ನು ತಯಾರಿಸುವುದರಲ್ಲಿ ಇರಲಿಲ್ಲ. ಒಂದು ಕ್ರಿಯೆ ನಡೆಯುವಾಗ ಯಾವ ಬಂಧ ಮೊದಲು ಬಿಡುತ್ತದೆ, ಯಾವುದು ಅನಂತರ ಕೂಡುತ್ತದೆ, ನೆರೆಯ ಪರಮಾಣುಗಳು ಹೇಗೆ ಕೈಗೂಡಿಸುತ್ತವೆ ಎಂಬ ಒಳವಿವರದಲ್ಲಿತ್ತು. ಇದನ್ನು 'ಕ್ರಿಯಾಮಾರ್ಗ'ದ ಅಧ್ಯಯನವೆನ್ನಬಹುದು. ಆ ಬಳಿಕ ಹೆಕ್ ಸ್ವಿಟ್ಸರ್ಲೆಂಡಿನ ಜೂರಿಕ್‌ಗೆ ಹೋಗಿ ವ್ಲಾಡಿಮಿರ್ ಪ್ರೆಲೋಗ್ ಅವರ ಬಳಿ ಕೆಲಸ ಮಾಡಿದರು. ಅಣುವಿನ ಭಾಗಗಳು ಅವಕಾಶದಲ್ಲಿ ಎತ್ತ ಮುಖ ಮಾಡಿ ನಿಲ್ಲುತ್ತವೆ ಎಂಬುದು ಪ್ರೆಲೋಗ್ ಅವರ ವಿಷಯ. ಅದಕ್ಕಾಗಿ 1975ರಲ್ಲಿ ಅವರಿಗೆ ನೊಬೆಲ್ ದೊರೆಯಿತು. ಇಬ್ಬರು ಗುರುಗಳಿಂದಲೂ ಹೆಕ್ ಕಲಿತದ್ದು ಏನಾಯಿತು ಎಂಬುದರ ಜೊತೆಗೆ ಹೇಗಾಯಿತು ಎಂದೂ ಕೇಳುವುದನ್ನು.

ಕೋಬಾಲ್ಟ್ ಕಲಿಸಿದ ಪಾಠ

1950ರ ದಶಕದ ಉತ್ತರಾರ್ಧದಲ್ಲಿ ಹೆಕ್ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿದ್ದ ಹರ್ಕ್ಯುಲೀಸ್ ಎಂಬ ರಾಸಾಯನಿಕ ಕಂಪನಿಯ ಸಂಶೋಧನಾ ವಿಭಾಗವನ್ನು ಸೇರಿದರು. ಕೋಬಾಲ್ಟ್, ನಿಕ್ಕೆಲ್, ಪಲ್ಲೇಡಿಯಂ ಮೊದಲಾದ ಸಂಕ್ರಮಣ ಲೋಹಗಳ ಕುರಿತು ಏನಾದರೂ ಮಾಡಬೇಕೆಂಬ ವಿಶಾಲವಾದ ಸೂಚನೆ ಅವರಿಗೆ ಸಿಕ್ಕಿತು.

ಜರ್ಮನಿಯ ಆಟೊ ರೋಲೆನ್ 1938ರಲ್ಲಿ ಕಂಡುಹಿಡಿದ ಒಂದು ಕ್ರಿಯೆ ಆ ಹೊತ್ತಿಗೆ ಕಾರ್ಖಾನೆಗಳಲ್ಲಿ ಬಳಕೆಯಲ್ಲಿತ್ತು. ಆಲ್ಕೀನ್, ಕಾರ್ಬನ್ ಮೊನಾಕ್ಸೈಡ್ ಮತ್ತು ಜಲಜನಕಗಳನ್ನು ಕೋಬಾಲ್ಟಿನ ಸಾನ್ನಿಧ್ಯದಲ್ಲಿ ಕಾಯಿಸಿದರೆ ಆಲ್ಡಿಹೈಡ್ ಎಂಬ ಉಪಯುಕ್ತ ಸಂಯುಕ್ತ ದೊರೆಯುತ್ತಿತ್ತು. ಒಳಗೆ ಕೋಬಾಲ್ಟ್ ಏನು ಮಾಡುತ್ತದೆ ಎಂಬುದು ಮಾತ್ರ ಸ್ಪಷ್ಟವಾಗಿರಲಿಲ್ಲ. ಹೆಕ್ ಮತ್ತು ಅವರ ಸಹೋದ್ಯೋಗಿ ಡೇವಿಡ್ ಬ್ರೆಸ್ಲೋ 1960–61ರಲ್ಲಿ ಅದರ ಕ್ರಿಯಾಮಾರ್ಗವನ್ನು ಹಂತ ಹಂತವಾಗಿ ವಿವರಿಸಿದರು. ಜಲಜನಕವನ್ನು ಹೊತ್ತ ಕೋಬಾಲ್ಟ್ ಮೊದಲು ತನ್ನ ಬಳಿಯ ಒಂದು ಜಾಗವನ್ನು ತೆರವು ಮಾಡಿಕೊಳ್ಳುತ್ತದೆ. ಆ ಜಾಗಕ್ಕೆ ಆಲ್ಕೀನ್ ಬಂದು ನಿಲ್ಲುತ್ತದೆ. ಜಲಜನಕವು ಆಲ್ಕೀನಿಗೆ ಸೇರಿ, ಉಳಿದ ತುದಿ ಲೋಹಕ್ಕೆ ಅಂಟುತ್ತದೆ. ಅವೆರಡರ ನಡುವೆ ಕಾರ್ಬನ್ ಮೊನಾಕ್ಸೈಡ್ ನುಗ್ಗುತ್ತದೆ. ಕೊನೆಗೆ ಆಲ್ಡಿಹೈಡ್ ಬಿಡುಗಡೆಯಾಗಿ, ಜಲಜನಕವನ್ನು ಹೊತ್ತ ಕೋಬಾಲ್ಟ್ ಮತ್ತೆ ಮೊದಲಿನ ರೂಪಕ್ಕೆ ಬರುತ್ತದೆ. ಈ ಕ್ರಿಯಾಮಾರ್ಗಕ್ಕೆ ಇಂದಿಗೂ ಅವರಿಬ್ಬರ ಹೆಸರೇ ಇದೆ.

ನಮ್ಮ ಬಾಯಿಪಾಠದ ವಾಕ್ಯ ಇಲ್ಲಿಯೇ ಬಿದ್ದುಹೋಗುತ್ತದೆ. ಲೋಹವು ದೂರ ನಿಂತು ನೋಡುತ್ತಿಲ್ಲ. ಪ್ರತಿ ಹಂತದಲ್ಲಿಯೂ ಅದು ಬಂಧವನ್ನು ಏರ್ಪಡಿಸುತ್ತದೆ, ಬಿಡುತ್ತದೆ, ರೂಪ ಬದಲಿಸುತ್ತದೆ. ಕೊನೆಯಲ್ಲಿ ಮೊದಲಿನಂತೆ ಕಾಣುವುದು ಭಾಗವಹಿಸದೆ ಇದ್ದುದರಿಂದಲ್ಲ, ಪೂರ್ತಿಯಾಗಿ ಭಾಗವಹಿಸಿ ಮರಳಿದ್ದರಿಂದ.

1968: ಏಳು ಪ್ರಬಂಧಗಳು

ಕೋಬಾಲ್ಟಿನಿಂದ ಹೆಕ್ ಪಲ್ಲೇಡಿಯಂ ಕಡೆಗೆ ತಿರುಗಿದರು. ಇದು ಬೆಳ್ಳಿಯಂತೆ ಹೊಳೆಯುವ ಬೆಲೆಬಾಳುವ ಲೋಹ. ಪರಮಾಣು ಸಂಖ್ಯೆ 46. ಇಂಗ್ಲೆಂಡಿನ ವಿಲಿಯಂ ಹೈಡ್ ವೊಲ್ಯಾಸ್ಟನ್ 1802ರಲ್ಲಿ ಇದನ್ನು ಕಂಡುಹಿಡಿದು, ಅದೇ ವರ್ಷ ಪತ್ತೆಯಾಗಿದ್ದ ಪಲ್ಲಾಸ್ ಎಂಬ ಕ್ಷುದ್ರಗ್ರಹದ ಹೆಸರನ್ನು ಇದಕ್ಕೆ ಇಟ್ಟನು. 1950ರ ದಶಕದ ಕೊನೆಯಲ್ಲಿ ಜರ್ಮನಿಯ ವ್ಯಾಕರ್ ಕಂಪನಿಯ ವಿಜ್ಞಾನಿಗಳು ಪಲ್ಲೇಡಿಯಂ ಮತ್ತು ತಾಮ್ರದ ಲವಣಗಳ ನೆರವಿನಿಂದ ಎಥಿಲೀನನ್ನು ಅಸಿಟಾಲ್ಡಿಹೈಡ್ ಆಗಿಸುವ ವಿಧಾನವನ್ನು ರೂಪಿಸಿದ್ದರು. ಪಲ್ಲೇಡಿಯಂಗೆ ಆಲ್ಕೀನ್‌ಗಳ ಜೊತೆ ಹೊಂದಿಕೆಯಿದೆ ಎಂಬುದು ಇದರಿಂದ ಖಚಿತವಾಗಿತ್ತು.

ಹೆಕ್ ಕೇಳಿಕೊಂಡ ಪ್ರಶ್ನೆ ಹೀಗಿತ್ತು: ಪಲ್ಲೇಡಿಯಂ ತನ್ನ ಮೇಲೆ ಒಂದು ಬೆಂಜೀನ್ ಉಂಗುರವನ್ನು ಹೊತ್ತು ಆಲ್ಕೀನಿನ ಬಳಿ ಬಂದರೆ ಏನಾದೀತು? ಉಂಗುರವನ್ನು ಲೋಹದ ಮೇಲೆ ಕೂರಿಸಲು ಅವರು ಪಾದರಸದ ಸಂಯುಕ್ತವೊಂದನ್ನು ಬಳಸಿದರು. ಪಾದರಸವು ಉಂಗುರವನ್ನು ಪಲ್ಲೇಡಿಯಂಗೆ ದಾಟಿಸಿತು. ಪಲ್ಲೇಡಿಯಂ ಆಲ್ಕೀನಿನ ದ್ವಿಬಂಧವನ್ನು ಹಿಡಿದು, ಅದರ ಒಂದು ಇಂಗಾಲಕ್ಕೆ ಉಂಗುರವನ್ನು ಸೇರಿಸಿ, ಇನ್ನೊಂದು ಇಂಗಾಲಕ್ಕೆ ತಾನು ಅಂಟಿಕೊಂಡಿತು. ಬಳಿಕ ಉಂಗುರ ಬಂದು ಸೇರಿದ ಇಂಗಾಲದ ಮೇಲಿದ್ದ ಒಂದು ಜಲಜನಕವನ್ನು ಕಿತ್ತುಕೊಂಡು ಹೊರನಡೆಯಿತು. ದ್ವಿಬಂಧ ಮತ್ತೆ ಏರ್ಪಟ್ಟಿತು. ಆಲ್ಕೀನಿನಲ್ಲಿ ಜಲಜನಕವಿದ್ದ ಕಡೆ ಈಗ ಉಂಗುರವಿತ್ತು.

ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಇದು ಆದೇಶ. 'ಮಳೆ' ಮತ್ತು 'ಕಾಲ' ಕೂಡಿ 'ಮಳೆಗಾಲ' ಆಗುವಲ್ಲಿ ಕಕಾರ ಹೋಗಿ ಆ ಸ್ಥಾನಕ್ಕೆ ಗಕಾರ ಬರುವಂತೆ, ಇಲ್ಲಿ ಜಲಜನಕ ಹೋಗಿ ಆ ಸ್ಥಾನಕ್ಕೆ ಇಡೀ ಉಂಗುರ ಬರುತ್ತದೆ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಬಾರದು. ಸಂಧಿಯಲ್ಲಿ ಆದೇಶವನ್ನು ನಡೆಸಿ ಹೊರಟುಹೋಗುವ ಮೂರನೆಯ ಅಕ್ಷರವಿಲ್ಲ. ಇಲ್ಲಿ ಅಂಥದೊಂದು ಇದೆ.

ಈ ಕೆಲಸವನ್ನು ಹೆಕ್ 1968ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದರ ಹಿಂದೆ ಒಂದರಂತೆ ಏಳು ಪ್ರಬಂಧಗಳು. ಏಳಕ್ಕೂ ಅವರೊಬ್ಬರೇ ಲೇಖಕರು.

ಆದರೂ ಎರಡು ತೊಡಕುಗಳು ಉಳಿದಿದ್ದವು. ಮೊದಲನೆಯದು ಪಾದರಸ; ಅದು ವಿಷ. ಎರಡನೆಯದು ಪಲ್ಲೇಡಿಯಂ ಮರಳದೆ ಇದ್ದದ್ದು. ಒಂದು ಸುತ್ತಿನ ಕೊನೆಗೆ ಅದು ತನ್ನ ಲವಣರೂಪವನ್ನು ಕಳೆದುಕೊಂಡು ಬರಿಯ ಲೋಹವಾಗಿ ಬೀಳುತ್ತಿತ್ತು. ಅದನ್ನು ಮತ್ತೆ ಕೆಲಸಕ್ಕೆ ಎಬ್ಬಿಸಲು ವ್ಯಾಕರ್ ವಿಧಾನದಲ್ಲಿದ್ದಂತೆ ತಾಮ್ರದ ಲವಣ ಬೇಕಾಗುತ್ತಿತ್ತು. ದುಬಾರಿ ಲೋಹ ಹೀಗೆ ಸುತ್ತಿಗೊಮ್ಮೆ ಸೋತು ಬಿದ್ದರೆ ಆ ವಿಧಾನಕ್ಕೆ ಬಾಳಿಕೆಯಿಲ್ಲ.

ಸುತ್ತು ಪೂರ್ತಿಯಾದದ್ದು

ಪರಿಹಾರವು ಆ ಸೋತ ಲೋಹದಲ್ಲಿಯೇ ಅಡಗಿತ್ತು. ಬರಿಯ ಲೋಹವಾಗಿ ಉಳಿದ ಪಲ್ಲೇಡಿಯಂಗೆ, ಬೆಂಜೀನ್ ಉಂಗುರ ಮತ್ತು ಅಯೋಡಿನ್ ನಡುವಿನ ಬಂಧದೊಳಗೆ ನುಗ್ಗಿ ಎರಡನ್ನೂ ತನ್ನ ಮೇಲೆ ಹೊರುವ ಶಕ್ತಿಯಿದೆ. ಹಾಗಾದರೆ ಪಾದರಸ ಬೇಕಿಲ್ಲ. ಉಂಗುರವನ್ನು ಹೊತ್ತ ಪಲ್ಲೇಡಿಯಂ ಆಲ್ಕೀನಿಗೆ ಅದನ್ನು ಒಪ್ಪಿಸಿ, ಜಲಜನಕವನ್ನು ಕಿತ್ತುಕೊಂಡು ಹೊರಬರುತ್ತದೆ. ಈಗ ಅದರ ಬಳಿ ಜಲಜನಕವೂ ಅಯೋಡಿನ್ನೂ ಇವೆ. ಪಾತ್ರೆಯಲ್ಲಿರುವ ಪ್ರತ್ಯಾಮ್ಲವು ಅವೆರಡನ್ನೂ ಹೀರಿಕೊಳ್ಳುತ್ತದೆ. ಪಲ್ಲೇಡಿಯಂ ಮತ್ತೆ ಬರಿಯ ಲೋಹ. ಅಂದರೆ ಮುಂದಿನ ಸುತ್ತಿಗೆ ಸಿದ್ಧ. ಮೊದಲು ಯಾವುದು ಕೆಲಸದ ಕೊನೆಯಾಗಿತ್ತೋ ಅದೇ ಈಗ ಕೆಲಸದ ಆರಂಭವಾಯಿತು. ನೂರು ಅಣುಗಳಿಗೆ ಒಂದೆರಡು ಪಲ್ಲೇಡಿಯಂ ಪರಮಾಣುಗಳಿದ್ದರೂ ಸಾಕಾಯಿತು.

ಈ ರೂಪವನ್ನು ಮೊದಲು ಪ್ರಕಟಿಸಿದವರು ಹೆಕ್ ಅಲ್ಲ. ಟೋಕಿಯೋದ ತ್ಸುತೊಮು ಮಿಜೊರೋಕಿ ಮತ್ತು ಸಂಗಡಿಗರು 1971ರಲ್ಲಿ ಇದನ್ನು ಜಪಾನಿನ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ಅದೇ ದಾರಿಯಲ್ಲಿ ಸ್ವತಂತ್ರವಾಗಿ ಸಾಗುತ್ತಿದ್ದ ಹೆಕ್, ನೋಲಿ ಎಂಬ ಸಹಲೇಖಕನೊಂದಿಗೆ 1972ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿ, ಅದರಲ್ಲಿ ಮಿಜೊರೋಕಿ ಅವರ ಕೆಲಸವನ್ನು ಉಲ್ಲೇಖಿಸಿದರು. ಆದುದರಿಂದ ತಿಳಿದವರು ಈ ಕ್ರಿಯೆಯನ್ನು ಬರಿಯ 'ಹೆಕ್ ಕ್ರಿಯೆ' ಎನ್ನದೆ 'ಮಿಜೊರೋಕಿ–ಹೆಕ್ ಕ್ರಿಯೆ' ಎನ್ನುತ್ತಾರೆ. ಮಿಜೊರೋಕಿ 1980ರಲ್ಲಿಯೇ ತೀರಿಕೊಂಡರು. ಸಂಶೋಧನೆಯ ಹೆಸರುಗಳಲ್ಲಿ ಯಾರು ಉಳಿಯುತ್ತಾರೆ, ಯಾರು ಮರೆಯಾಗುತ್ತಾರೆ ಎಂಬುದು ಸಾಹಿತ್ಯ ಚರಿತ್ರೆಯನ್ನು ಓದುವ ನಮಗೆ ಹೊಸ ಪ್ರಶ್ನೆಯಲ್ಲ.

ಈ ಹೊತ್ತಿಗೆ ಹೆಕ್ ಕಂಪನಿಯನ್ನು ಬಿಟ್ಟು ಡೆಲವೇರ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದಿದ್ದರು. ಅಲ್ಲಿ ಅವರು ವಿದ್ಯಾರ್ಥಿಗಳೊಂದಿಗೆ ಈ ಕ್ರಿಯೆಯ ವ್ಯಾಪ್ತಿಯನ್ನು ಹಿಗ್ಗಿಸಿದರು. ಅಯೋಡಿನ್ನಿಗಿಂತ ಅಗ್ಗವಾದರೂ ಹೆಚ್ಚು ಹಟಮಾರಿಯಾದ ಬ್ರೋಮಿನ್ ಸಂಯುಕ್ತಗಳಿಗೂ ಅದು ಅನ್ವಯಿಸುವಂತೆ, ಪಲ್ಲೇಡಿಯಂಗೆ ಆಸರೆಯಾಗಿ ಫಾಸ್ಫೀನ್ ಎಂಬ ಅಣುಗಳನ್ನು ಜೊತೆಗೊಡಿಸಿದ್ದು 1974ರಲ್ಲಿ. ಇಂಗಾಲಗಳ ನಡುವೆ ತ್ರಿಬಂಧವಿರುವ ಆಲ್ಕೈನ್‌ಗಳನ್ನೂ ಇದೇ ರೀತಿಯಲ್ಲಿ ಉಂಗುರಕ್ಕೆ ಜೋಡಿಸಬಹುದೆಂದು ತೋರಿಸಿದ್ದು 1975ರಲ್ಲಿ. ಅದೇ ವರ್ಷ ಜಪಾನಿನ ಸೊನೊಗಾಶಿರಾ ಅವರು ತಾಮ್ರವನ್ನು ಸೇರಿಸಿ ಆ ಜೋಡಣೆಯನ್ನು ಇನ್ನೂ ಸುಲಭಗೊಳಿಸಿದರು. ಮುಂದೆ 1977ರಲ್ಲಿ ಎಯ್-ಇಚಿ ನೆಗಿಶಿ ಸತುವಿನ ಸಂಯುಕ್ತಗಳನ್ನೂ 1979ರಲ್ಲಿ ಅಕಿರಾ ಸುಜುಕಿ ಬೋರಾನ್ ಸಂಯುಕ್ತಗಳನ್ನೂ ಬಳಸಿ ಪಲ್ಲೇಡಿಯಂ ಮೂಲಕ ಇಂಗಾಲಗಳನ್ನು ಕೂಡಿಸುವ ಬೇರೆ ದಾರಿಗಳನ್ನು ತೆರೆದರು.

ಮನೆಬಾಗಿಲಿಗೆ ಬಂದ ಫಲ

ಈ ಕ್ರಿಯೆಯ ಫಲ ನಮ್ಮೆಲ್ಲರ ಮನೆಗೂ ಬಂದಿದೆ, ನಾವು ಗುರುತಿಸಿಲ್ಲ ಅಷ್ಟೆ. ಕೀಲುನೋವಿಗೆ ಕೊಡುವ ನೆಪ್ರಾಕ್ಸೆನ್ ಎಂಬ ಔಷಧದ ಒಂದು ತಯಾರಿಕಾ ವಿಧಾನದಲ್ಲಿ ಹೆಕ್ ಕ್ರಿಯೆಯ ಹಂತವಿದೆ. ಉಬ್ಬಸದವರಿಗೆ ಕೊಡುವ ಮಾಂಟೆಲುಕಾಸ್ಟ್ ತಯಾರಿಕೆಯಲ್ಲಿಯೂ ಇದೆ. ಅನುವಂಶೀಯ ವಸ್ತುವಾದ ಡಿಎನ್‌ಎಯ ಅಕ್ಷರಕ್ರಮವನ್ನು ಯಂತ್ರದಿಂದ ಓದಿಸಲು, ಅದರ ಘಟಕಗಳಿಗೆ ಹೊಳೆಯುವ ಬಣ್ಣದ ಗುರುತನ್ನು ಅಂಟಿಸಬೇಕಾಗುತ್ತದೆ. ಆಲ್ಕೈನ್ ಜೋಡಣೆಯು ಅಲ್ಲಿ ಉಪಯೋಗಕ್ಕೆ ಬಂತು. ನಿಸರ್ಗದ ಬಹು ಜಟಿಲ ಅಣುಗಳಲ್ಲೊಂದಾದ, ಕ್ಯಾನ್ಸರಿಗೆ ಬಳಸುವ ಟ್ಯಾಕ್ಸಾಲನ್ನು ಪ್ರಯೋಗಾಲಯದಲ್ಲಿ ಕಟ್ಟಿದ ಡ್ಯಾನಿಶೆಫ್ಸ್ಕಿ ತಂಡವೂ ಒಂದು ಉಂಗುರವನ್ನು ಮುಚ್ಚಲು ಹೆಕ್ ಕ್ರಿಯೆಯನ್ನೇ ನಂಬಿತು.

ಪಲ್ಲೇಡಿಯಂ ಎಲ್ಲ ಸಲವೂ ಪೂರ್ತಿಯಾಗಿ ಮರಳುತ್ತದೆ ಎಂದು ಮಾತ್ರ ಭಾವಿಸಬಾರದು. ಸುತ್ತುಗಳು ಮುಗಿಯುತ್ತ ಹೋದಂತೆ ಲೋಹದ ಪರಮಾಣುಗಳು ಒಂದಕ್ಕೊಂದು ಅಂಟಿ ಕಪ್ಪು ಪುಡಿಯಾಗಿ ತಳಕ್ಕಿಳಿಯುವುದುಂಟು. ಸ್ವಲ್ಪ ಭಾಗ ತಯಾರಾದ ವಸ್ತುವಿನಲ್ಲಿಯೇ ಉಳಿಯುವುದೂ ಉಂಟು. ಔಷಧದಲ್ಲಿ ಉಳಿಯಬಹುದಾದ ಲೋಹಕ್ಕೆ ಕಟ್ಟುನಿಟ್ಟಾದ ಮಿತಿಯಿದೆ. ಅದನ್ನು ತೆಗೆಯುವುದಕ್ಕೆಂದೇ ಕಾರ್ಖಾನೆಗಳು ಬೇರೆ ಶ್ರಮಪಡಬೇಕಾಗುತ್ತದೆ. ಪಠ್ಯಪುಸ್ತಕದ ಶುದ್ಧ ಚಕ್ರಕ್ಕೂ ಕಾರ್ಖಾನೆಯ ಪಾತ್ರೆಗೂ ಇಷ್ಟು ಅಂತರವಿದೆ.

ತಡವಾಗಿ ಬಂದ ಮನ್ನಣೆ

ಹೆಕ್ ಅವರ ಕ್ರಿಯೆಯು ಸಾವಯವ ಸಂಶ್ಲೇಷಣೆಯ ದೊಡ್ಡ ಉಪಕರಣವಾಗಿ ಬೆಳೆಯತೊಡಗಿದ್ದು ಮುಖ್ಯವಾಗಿ 1980ರ ದಶಕದಿಂದೀಚೆಗೆ. 1985ರಲ್ಲಿ ಅವರು ಪಲ್ಲೇಡಿಯಂ ಕುರಿತು ತಮ್ಮ ಅನುಭವವನ್ನೆಲ್ಲ ಒಂದು ಪುಸ್ತಕದಲ್ಲಿ ಸಂಗ್ರಹಿಸಿ ಕೊಟ್ಟರು. ವಿಪರ್ಯಾಸವೆಂದರೆ ಇತರರು ಈ ದಾರಿಯಲ್ಲಿ ಗುಂಪು ಗುಂಪಾಗಿ ನಡೆಯತೊಡಗಿದ ಕಾಲಕ್ಕೇ ದಾರಿ ಕಡಿದವರ ಸಂಶೋಧನೆಗೆ ಧನಸಹಾಯ ಬತ್ತಿತು. 1989ರಲ್ಲಿ, ಐವತ್ತೆಂಟರ ಆಸುಪಾಸಿನಲ್ಲಿ, ಅವರು ನಿವೃತ್ತರಾದರು. ಆ ವಯಸ್ಸಿನ ಸಮೀಪದಲ್ಲಿರುವ ನನಗೆ ಈ ಸಂಗತಿ ಸುಮ್ಮನೆ ಓದಿ ದಾಟುವಂಥದಲ್ಲ.

ಅವರು ಅನಂತರ ಪತ್ನಿಯ ತಾಯ್ನಾಡಾದ ಫಿಲಿಪ್ಪೀನ್ಸಿಗೆ ಹೋಗಿ ಕೆಝಾನ್ ನಗರದಲ್ಲಿ ನೆಲೆಸಿದರು. ಅವರಿಗೆ ಮಕ್ಕಳಿರಲಿಲ್ಲ. 2010ರ ಅಕ್ಟೋಬರಿನಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ನೊಬೆಲ್ ಪ್ರಶಸ್ತಿಯ ಸುದ್ದಿ ಅವರನ್ನು ಹುಡುಕಿಕೊಂಡು ಅಲ್ಲಿಗೇ ಬಂತು. ನೆಗಿಶಿ ಮತ್ತು ಸುಜುಕಿ ಅವರೊಂದಿಗೆ ಪ್ರಶಸ್ತಿಯ ಮೂರನೆಯ ಒಂದು ಭಾಗ ಅವರದಾಯಿತು. ಏಳು ಪ್ರಬಂಧಗಳು ಪ್ರಕಟವಾಗಿ ಆಗ ನಲವತ್ತೆರಡು ವರ್ಷಗಳಾಗಿದ್ದವು. 2012ರಲ್ಲಿ ಪತ್ನಿ ತೀರಿಕೊಂಡರು; 2015ರ ಅಕ್ಟೋಬರಿನಲ್ಲಿ ಹೆಕ್ ಮನಿಲಾದಲ್ಲಿ ನಿಧನರಾದರು.

ಮೊದಲಿನ ಪ್ರಶ್ನೆಗೆ ಉತ್ತರ

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಮರಳೋಣ. ಸ್ವೀಡನ್ನಿನ ಬರ್ಜೀಲಿಯಸ್ 1835ರಲ್ಲಿ 'ಕ್ಯಾಟಲಿಸಿಸ್' ಎಂಬ ಪದವನ್ನು ಗ್ರೀಕ್ ಮೂಲದಿಂದ ರೂಪಿಸಿದನು. ಅದರ ಮೂಲಾರ್ಥ ಸಡಿಲಿಸುವುದು, ಬಿಡಿಸುವುದು. ಅದು ಬಂಧಗಳ ಬಿಡುಗಡೆಯನ್ನು ಕಂಡ ಪದ. ಮುಂದೆ ಇದೇ ವಿಷಯದಲ್ಲಿನ ಕೆಲಸಕ್ಕಾಗಿ 1909ರಲ್ಲಿ ನೊಬೆಲ್ ಪಡೆದ ಓಸ್ಟ್‌ವಾಲ್ಡ್, ಇಂಥ ವಸ್ತುವನ್ನು ಅದು ಕ್ರಿಯೆಯ ವೇಗವನ್ನು ಬದಲಿಸುವುದರ ಮೂಲಕ ಗುರುತಿಸಿದನು. ನಮ್ಮ 'ವೇಗವರ್ಧಕ' ಈ ದೃಷ್ಟಿಯ ಪದ. ಅದು ಅಳೆಯಬಹುದಾದುದನ್ನು ಹೇಳುತ್ತದೆ. ಆದುದರಿಂದ ವಿಜ್ಞಾನಕ್ಕೆ ಹೊಂದುತ್ತದೆ. ಮರಾಠಿಯ 'ಉತ್ಪ್ರೇರಕ' ಕ್ರಿಯೆಯನ್ನು ಪ್ರಚೋದಿಸುವ, ಮುಂದೂಡುವ ಗುಣವನ್ನು ಕಂಡಿತು. ಮಿಜೊರೋಕಿ, ನೆಗಿಶಿ, ಸುಜುಕಿ ಅವರ ಜಪಾನೀ ಭಾಷೆಯಲ್ಲಿ ಇದಕ್ಕೆ 'ಶೊಕುಬಾಯ್' ಎನ್ನುತ್ತಾರೆ. ಆ ಪದದ ಮೊದಲ ಅಕ್ಷರದ ಅರ್ಥ ಸ್ಪರ್ಶ. ಎರಡನೆಯದರ ಅರ್ಥ ನಡುವೆ ನಿಲ್ಲುವವನು. ಮದುವೆಯ ಸಂಬಂಧ ಕುದುರಿಸುವ ಮಧ್ಯಸ್ಥನಿಗೂ ಅದೇ ಅಕ್ಷರ ಸಲ್ಲುತ್ತದೆ.

ನಾಲ್ಕೂ ಪದಗಳು ಒಂದೇ ವಸ್ತುವಿನ ನಾಲ್ಕು ಮಗ್ಗುಲುಗಳನ್ನು ತೋರಿಸುತ್ತವೆ. ಹೆಕ್ ಅವರ ಪಲ್ಲೇಡಿಯಂ ಬಂಧವನ್ನು ಬಿಡಿಸುತ್ತದೆ, ಕ್ರಿಯೆಯನ್ನು ಮುಂದೂಡುತ್ತದೆ, ವೇಗವನ್ನು ಹೆಚ್ಚಿಸುತ್ತದೆ, ಎರಡು ಮನೆಗಳ ನಡುವೆ ನಿಂತು ಕೂಡಿಸಿ ಹೊರಬರುತ್ತದೆ. ಕನ್ನಡದಲ್ಲಿ ಬರೆಯುವಾಗ 'ವೇಗವರ್ಧಕ' ಎಂದೇ ಬರೆಯಿರಿ; ನೆಲೆನಿಂತ ಪರಿಭಾಷೆಯನ್ನು ಕಾರಣವಿಲ್ಲದೆ ಕದಲಿಸಬಾರದು. ಆದರೆ ವೇಗ ಹೆಚ್ಚುವುದು ಏಕೆಂದರೆ ಲೋಹವು ಹೊಸ ದಾರಿಯೊಂದನ್ನು ತೆರೆಯುತ್ತದೆ, ಆ ದಾರಿಯಲ್ಲಿ ತಾನೂ ನಡೆಯುತ್ತದೆ ಎಂಬುದು ನಿಮ್ಮ ಮನಸ್ಸಿನಲ್ಲಿರಲಿ. ಇದನ್ನು ತಿಳಿದ ಅನುವಾದಕನು 'ಭಾಗವಹಿಸುವುದಿಲ್ಲ' ಎಂದು ಬರೆಯಲಾರನು.

ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವ ಕೆಲಸ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದ್ದು 1918ರಲ್ಲಿ. ಪಂಪಭಾರತದ ಸಂಪಾದನೆಯಲ್ಲಿಯೂ ಶ್ರಮಿಸಿದ ಅವರಿಗೆ ಹಳಗನ್ನಡವೂ ಭೌತ ವಿಜ್ಞಾನವೂ ಬೇರೆ ಬೇರೆ ಊರುಗಳಾಗಿರಲಿಲ್ಲ. ಗಡಿಯ ಈಚೆಗೆ ಎರಡು ಭಾಷೆಗಳಲ್ಲಿ ಓದಿ ಬರುವ ನಿಮಗೆ ಒಂದು ಅನುಕೂಲವೂ ಇದೆ. ಒಂದೇ ವಸ್ತುವಿಗೆ ಎರಡು ಪದಗಳು ಎದುರು ನಿಂತಾಗ, ವಸ್ತು ಯಾವುದು ಎಂದು ಕೇಳದೆ ನಿಮಗೆ ಗತ್ಯಂತರವಿಲ್ಲ.

ಆದುದರಿಂದ ಈ ಬಾರಿಯ ಅಭ್ಯಾಸ ಇದು: ನಿಮ್ಮ ಹತ್ತನೆಯ ಇಯತ್ತೆಯ ವಿಜ್ಞಾನ ಪುಸ್ತಕದಲ್ಲಿ ವೇಗವರ್ಧಕದ, ಅಥವಾ ಉತ್ಪ್ರೇರಕದ, ವ್ಯಾಖ್ಯೆಯನ್ನು ಹುಡುಕಿರಿ. ಮೇಲೆ ಹೇಳಿದ ಪಲ್ಲೇಡಿಯಂ ಸುತ್ತಿಗೆ ಅದನ್ನು ಹೊಂದಿಸಿ ನೋಡಿರಿ. ಎಲ್ಲಿ ಹೊಂದದೋ ಅಲ್ಲಿ ತಿದ್ದಿ, ಎರಡು ಕನ್ನಡ ವಾಕ್ಯಗಳಲ್ಲಿ ಬರೆದು ತನ್ನಿ. ಕಳೆದ ವರ್ಷ ಅರ್ಧಕ್ಕೆ ಬಿಟ್ಟ ಪಾಠವನ್ನು ಅಲ್ಲಿಂದ ಮುಂದುವರಿಸೋಣ.